ಕ್ರೇನಕ್ಕನ ಬಲಗಾಲು

ಅವಳಿಗೆ ಹಾಡುವ ಚಟವಿತ್ತು ಎಂದರೆ ತಪ್ಪಾಗುತ್ತದೆ. ಚಟವೆಂದರೆ ನಡುವೆ ಎಲ್ಲೋ ಅಂಟಿಕೊಂಡದ್ದು, ಮನಸ್ಸು ಮಾಡಿದರೆ ಬಿಡಬಹುದಾದದ್ದು. ಅವಳ ಹಾಡು ಹಾಗಲ್ಲ, ಉಸಿರಿನ ಜೊತೆಗೇ ಬಂದದ್ದು. ಪಾತ್ರೆ ತೊಳೆಯುವಾಗ ಹಾಡು, ಬಸ್ಸಿಗೆ ಕಾಯುವಾಗ ಹಾಡು, ಹಲ್ಲು ಕೀಳಿಸಿಕೊಳ್ಳಲು ಕೂತಾಗಲೂ ಹೇಗೂ ಬಾಯಿ ತೆರೆದೇ ಇದೆಯಲ್ಲ ಎಂದು ಸಣ್ಣದೊಂದು ಆಲಾಪ. ಕಂಠ ಹೇಳಿಕೊಳ್ಳುವಂಥದ್ದೇನಲ್ಲ; ಹಾಗಂತ ಕೇಳಿದವರು ಎದ್ದು ಹೋಗುವಂಥದ್ದೂ ಅಲ್ಲ. ಪದಗಳನ್ನು ಮಾತ್ರ ಅವಳೇ ಕಟ್ಟುತ್ತಿದ್ದಳು. ಕಣ್ಣಿಗೆ ಬಿದ್ದದ್ದೆಲ್ಲ ಪದವಾಗುತ್ತಿತ್ತು. ನೆರೆಮನೆಯ ಬೆಕ್ಕು, ಸೋರುವ ನಲ್ಲಿ, ಗಂಡನ ಗೊರಕೆ, ಯಾವುದಕ್ಕೂ ರಿಯಾಯಿತಿ ಇಲ್ಲ.

ಕೆಲಸ ಕ್ರೇನ್ ನಡೆಸುವುದು. ಭಾರಿ ಕಬ್ಬಿಣದ ಕೊಳವೆಗಳನ್ನು ಕತ್ತರಿಸಿ ಬೆಸೆಯುವ ಕಾರ್ಖಾನೆ. ಶೆಡ್ಡಿನ ಮಾಡಿಗೆ ಹತ್ತಿರವಾಗಿ, ಈ ಗೋಡೆಯಿಂದ ಆ ಗೋಡೆಯವರೆಗೆ ಹಳಿಗಳ ಮೇಲೆ ಓಡುವ ಕ್ರೇನು; ಅದರ ಹೊಟ್ಟೆಗೆ ನೇತುಬಿದ್ದ ಗಾಜಿನ ಗೂಡು. ಬೆಳಿಗ್ಗೆ ಏಣಿ ಹತ್ತಿ ಆ ಗೂಡು ಸೇರಿದಳೆಂದರೆ ಊಟದ ಗಂಟೆಯವರೆಗೆ ಅಲ್ಲಿಯೇ. ಎರಡೂ ಕೈಗಳಲ್ಲಿ ಎರಡು ಹಿಡಿಗಳು, ಕೆಳಗೆ ಕೊಕ್ಕೆ, ಕೊಕ್ಕೆಗೆ ಸರಪಳಿ, ಸರಪಳಿಗೆ ಟನ್ನುಗಟ್ಟಲೆ ಕಬ್ಬಿಣ, ಅದರ ಕೆಳಗೆ ಮನುಷ್ಯರು. ಕಾರ್ಖಾನೆಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಕ್ರೇನಕ್ಕ ಎಂದೇ. ತನಗಿಂತ ಹಿರಿಯರೂ ಅಕ್ಕ ಅನ್ನುತ್ತಾರಲ್ಲ ಎಂದು ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಆ ಗೂಡೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಹಾಡಿದರೆ ಅತ್ತೆ ಪದಗಳಲ್ಲಿ ತಪ್ಪು ಹುಡುಕುತ್ತಿದ್ದರು, ಬಸ್ಸಿನಲ್ಲಿ ಹಾಡಿದರೆ ಜನ ತಿರುಗಿ ನೋಡುತ್ತಿದ್ದರು. ಗೂಡಿನಲ್ಲಿ ಕೇಳುವವರೇ ಇಲ್ಲ. ಅಂದರೆ ಹಾಗಂತ ಅವಳು ತಿಳಿದುಕೊಂಡಿದ್ದಳು. ಆ ಧೈರ್ಯದಲ್ಲಿ ಕೆಳಗಿದ್ದ ಒಬ್ಬೊಬ್ಬರ ಮೇಲೂ ಪದ ಕಟ್ಟಿ ಹಾಡಿದ್ದಳು. ಮೇಲಿಂದ ನೋಡುವವರಿಗೆ ಜನರ ಮುಖ ಕಾಣುವುದಿಲ್ಲ, ತಲೆ ಕಾಣುತ್ತದೆ. ಶೆಡ್ಡಿನ ಮೇಸ್ತ್ರಿಯ ತಲೆಯಂತೂ ದೀಪದ ಕೆಳಗೆ ಫಳಫಳ ಹೊಳೆಯುತ್ತಿತ್ತು. ಅದರ ಮೇಲಿನ ಪದವೇ ಅವಳಿಗೆ ಎಲ್ಲಕ್ಕಿಂತ ಇಷ್ಟ:

ಬೋಳು ಗುಡ್ಡದ ಮೇಲೆ ಬಿಸಿಲು ಬಿತ್ತಣ್ಣ,
ಬಾಚಣಿಗೆಗೂ ಅಲ್ಲಿ ಕೆಲಸ ತಪ್ಪಿತಣ್ಣ.

ಇನ್ನು ಅವಳ ಬಲಗಾಲಿನ ವಿಷಯ. ಗೂಡಿನಲ್ಲಿ ಒಂದು ಮೈಕು, ಒಂದು ಸ್ಪೀಕರು. ಕೈಗಳೆರಡಕ್ಕೂ ಬಿಡುವಿಲ್ಲವೆಂದು ಮೈಕಿನ ಸ್ವಿಚ್ಚನ್ನು ಕಾಲ ಬಳಿ ಪೆಡಲಿನಂತೆ ಇಟ್ಟಿದ್ದರು. ಪೆಡಲು ಒತ್ತಿದರೆ ಅವಳ ಮಾತು ಕೆಳಗಿನವರ ವಾಕಿಟಾಕಿಗೆ ಹೋಗುತ್ತದೆ. ಬಿಟ್ಟರೆ ಕೆಳಗಿನವರ ಮಾತು ಅವಳಿಗೆ ಕೇಳುತ್ತದೆ. ಒಂದೇ ಸಲಕ್ಕೆ ಎರಡೂ ಇಲ್ಲ. ಇದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ಹಾಡುವಾಗಲೆಲ್ಲ ತನ್ನ ಬಲಗಾಲು ತಾಳ ಹಾಕುತ್ತದೆ ಎಂಬುದು. ಊರಿಗೆಲ್ಲ ಗೊತ್ತಿದ್ದರೂ ನಮ್ಮ ಅಭ್ಯಾಸ ನಮಗೆ ಗೊತ್ತಿರುವುದಿಲ್ಲ ನೋಡಿ. ಗಂಡನಿಗೆ ಗೊತ್ತಿತ್ತು, ಪಾಪ, ಕನಸಿನಲ್ಲಿ ಹಾಡು ಬಂದಾಗಲೆಲ್ಲ ಒದೆ ತಿನ್ನುತ್ತಿದ್ದವನು ಅವನೇ. ಆದರೆ ಅವನು ದರ್ಜಿ, ದಿನವಿಡೀ ಹೊಲಿಗೆ ಯಂತ್ರ ತುಳಿಯುವವನು. ಕಾಲು ಆಡುವುದರಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ.

ಹೀಗಾಗಿ, ವರ್ಷಗಟ್ಟಲೆ, ಅವಳ ಹಾಡು ತಾಳ ಬಿದ್ದ ಕಡೆಯಷ್ಟೇ ತುಂಡುತುಂಡಾಗಿ ಕೆಳಗಿಳಿಯುತ್ತಿತ್ತು. ಬೋ... ಗುಡ್... ಮೇ... ಬಿಸ್... ಬಿತ್. ಕೆಳಗಿನವರಿಗೆ ಅದೇ ಹಾಡು. ಊಟದ ಕೋಣೆಯಲ್ಲಿ ಡಬ್ಬಿ ತೊಳೆಯುತ್ತ ಅವರು "ಬೋ, ಗುಡ್, ಮೇ" ಎಂದು ಗುನುಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಗುನುಗುತ್ತಿದ್ದವರು ಮೇಸ್ತ್ರಿಯೇ. ಕ್ರೇನಕ್ಕ ಕೇಳಿಸಿಕೊಂಡು, ಈ ಗಂಡಸರಿಗೆ ಒಂದು ಹಾಡನ್ನೂ ನೆಟ್ಟಗೆ ಹಾಡಲು ಬರುವುದಿಲ್ಲ, ಎಲ್ಲರಿಗೂ ಒಟ್ಟಿಗೇ ಬಿಕ್ಕಳಿಕೆ ಬಂದಂತಿದೆ ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಆ ವರ್ಷ ಹೊಸ ಸೇಫ್ಟಿ ಮೇಡಂ ಬಂದರು. ವಯಸ್ಸು ಚಿಕ್ಕದು, ಹೆಲ್ಮೆಟ್ಟು ದೊಡ್ಡದು. ಯಾರಾದರೂ ನಿಯಮ ಮುರಿದದ್ದು ಕಂಡರೆ ಬಯ್ಯುತ್ತಿರಲಿಲ್ಲ, "ಯಾಕೆ?" ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ಬೈಗುಳವನ್ನು ಅರಗಿಸಿಕೊಂಡಿದ್ದವರಿಗೆ ಆ ಕಾಯುವಿಕೆ ತಡೆಯಲಾಗುತ್ತಿರಲಿಲ್ಲ. ಬಂದ ವಾರದಲ್ಲೇ ಒಂದು ಬೆಳಿಗ್ಗೆ, ಕೆಲಸ ಶುರುವಾಗುವ ಮುಂಚೆ, ಶೆಡ್ಡಿನವರನ್ನೆಲ್ಲ ಸೇರಿಸಿ ಮೊಬೈಲು ಹೊರಗೆ ತೆಗೆದರು.

"ನಿನ್ನೆ ನನ್ನ ವಾಕಿಟಾಕಿಯಲ್ಲಿ ಇದು ಬಂತು. ಏನಿದು ಅಂತ ಯಾರಾದ್ರೂ ಹೇಳ್ತೀರಾ?"

ಮೊಬೈಲು ಕೆಮ್ಮಿತು: ಬಾ... ಗೆ... ಅಲ್... ಕೆ... ತಪ್.

ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡತೊಡಗಿದರು.

"ಅದು ಬೇರೆ ಯಾವ್ದೋ ರೇಡಿಯೋ ನುಗ್ಗುತ್ತೆ ಮೇಡಂ," ಎಂದರು ಮೇಸ್ತ್ರಿ.

"ಮಾಡಿನಲ್ಲಿ ಪಾರಿವಾಳ ಇದಾವೆ ಮೇಡಂ," ಎಂದ ಬೆಸುಗೆಯವನು.

ಕ್ರೇನಕ್ಕನಿಗೆ ನಗು ತಡೆಯಲಿಲ್ಲ. "ಯಾವ ಪಾರಿವಾಳ? ಯಾರೋ ಬಿಕ್ಕಳಿಸ್ತಿದ್ದಾರೆ, ನೀರು ಕುಡೀರಿ ಅಂತ ಹೇಳೋರಿಲ್ವಾ?" ಎಂದು ಜೋರಾಗಿಯೇ ಅಂದಳು. ಯಾರೂ ನಗಲಿಲ್ಲ. ಮೇಡಂ ಇನ್ನೊಮ್ಮೆ ಹಚ್ಚಿದರು. ಈ ಸಲ ಅವಳ ಬಾಯಿ, ಅವಳನ್ನು ಕೇಳದೆಯೇ, ಒಳಗೊಳಗೇ ತುಂಡುಗಳ ನಡುವಿನ ಜಾಗ ತುಂಬಿತು: ಬಾಚಣಿಗೆಗೂ ಅಲ್ಲಿ ಕೆಲಸ ತಪ್ಪಿತಣ್ಣ. ಕೊನೆಯ ಪದ ಬರುವಷ್ಟರಲ್ಲಿ ಅವಳ ಮುಖ ಸುಣ್ಣದಂತಾಗಿತ್ತು.

ಮೇಸ್ತ್ರಿ ಆಗಲೂ "ಪಾರಿವಾಳವೇ ಮೇಡಂ" ಎಂದರು, ಪುಣ್ಯಾತ್ಮ. ಆದರೆ ಅವಳು ಇನ್ನೊಬ್ಬರ ಬೆನ್ನ ಹಿಂದೆ ಅಡಗುವ ಪೈಕಿಯಲ್ಲ.

"ನಂದೇ ಮೇಡಂ. ನಾನು ಹಾಡ್ತೀನಿ. ಇದು ಕೆಳಗೆ ಹೇಗೆ ಬಂತು ಅಂತ ಮಾತ್ರ ದೇವರಾಣೆ ಗೊತ್ತಿಲ್ಲ."

ಮೇಡಂ ಅವಳ ಜೊತೆ ಗೂಡಿಗೆ ಹತ್ತಿದರು, ಹಾಡಲು ಹೇಳಿದರು, ಕಾಲು ನೋಡಿದರು. ಇಳಿದು ಬಂದವರ ಮುಖದಲ್ಲಿ ಕೋಪಕ್ಕಿಂತ ಗಾಬರಿ ಹೆಚ್ಚಿತ್ತು. "ನೀವು ಹಾಡಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದ್ರೆ ಕಾಲು ಪೆಡಲ್ ಮೇಲಿದ್ದಾಗ ನಿಮಗೆ ಇವರ ಮಾತು ಕೇಳಲ್ಲ. ಯಾರಾದ್ರೂ 'ನಿಲ್ಸಿ' ಅಂತ ಕೂಗಿದ್ರೆ?"

ಇಷ್ಟು ವರ್ಷ, ಪ್ರತಿ ಹಾಡಿನ ಪ್ರತಿ ತಾಳದಲ್ಲೂ, ಅವಳು ಕಿವುಡಿಯಾಗಿದ್ದಳು. ಆದರೂ ಒಂದು ಬೆರಳೂ ನಜ್ಜಾಗಿರಲಿಲ್ಲ. ಅದು ಹೇಗೆ?

ಹೇಗೆಂದು ಹೇಳಿದವನು ಸರಪಳಿ. ಕೊಕ್ಕೆಗೆ ಸರಪಳಿ ಕಟ್ಟಿ, ಎಡಕ್ಕೆ ಬಲಕ್ಕೆ ಎಂದು ಅವಳಿಗೆ ದಾರಿ ಹೇಳುವ ಆಳು; ಕೆಲಸದ ಹೆಸರೇ ಅವನ ಹೆಸರಾಗಿ ಹೋಗಿತ್ತು. ಸಂಗೀತಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಅವನು ತಲೆ ಕೆರೆದುಕೊಂಡು ಹೇಳಿದ:

"ನಡುವೆ ಸಂದು ಇರುತ್ತಲ್ಲಕ್ಕ. ಒಂದು 'ಬೋ' ಆದ್ಮೇಲೆ 'ಗುಡ್' ಬರೋ ಮುಂಚೆ. ಆ ಸಂದಲ್ಲಿ ಹೇಳ್ಬಿಡ್ತೀವಿ. ಎಡಕ್ಕೆ. ಸಾಕು. ಇಳ್ಸಿ. ಮೊದ್ಲು ಕಷ್ಟ ಆಯ್ತು. ಈಗ ಬಾಯಿಗೆ ರೂಢಿ ಆಗ್ಬಿಟ್ಟಿದೆ."

"ಹೇಳೋದಲ್ವೇನೋ ನಂಗೆ!"

"ಹೇಳಿದ್ರೆ ನೀವು ಹಾಡೋದೇ ಬಿಟ್ಬಿಡ್ತಿದ್ರಿ."

"ಒಂದಿನ ನಾನು ತಾಳ ತಪ್ಪಿದ್ರೆ?"

"ನೀವೆಲ್ಲಿ ತಪ್ತೀರಿ ಬಿಡಿ."

"ತಪ್ಪಲ್ಲ ಅಂತ ನಂಬ್ಕೊಂಡು ತಲೆ ಮೇಲೆ ಟನ್ ಟನ್ ಕಬ್ಬಿಣ ತೂಗಾಡಿಸ್ಕೊಂಡು ನಿಂತಿದ್ಯಾ, ಹುಚ್ಚಪ್ಪಾ!" ಎಂದು ಬಯ್ದಳು. ಬಯ್ಯುತ್ತ ಬಯ್ಯುತ್ತ ಕಣ್ಣು ತುಂಬಿ ಬಂತು. ಅವನಿಗೆ ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದರು.

ಮೇಡಂ ತೀರ್ಪು ಕೊಟ್ಟರು. ಹದಿನೈದು ದಿನ ಗೂಡು ಹತ್ತುವಂತಿಲ್ಲ. ಅಭ್ಯಾಸಕ್ಕೆ ಹಿತ್ತಲಿನ ಚಿಕ್ಕ ಕ್ರೇನು, ಕೆಳಗೆ ಯಾರೂ ನಿಲ್ಲದ ಹಾಗೆ. ಆಮೇಲೆ ಪರೀಕ್ಷೆ. ತುಂಬಿದ ನೀರಿನ ಬಕೀಟನ್ನು ಶೆಡ್ಡಿನ ಉದ್ದಕ್ಕೂ ಸಾಗಿಸಿ, ಸುಣ್ಣದ ಗೆರೆಯ ಒಳಗೆ ಇಳಿಸಬೇಕು. ನೀರು ಚೆಲ್ಲಬಾರದು. ದಾರಿಯಲ್ಲಿ ಯಾವಾಗ 'ನಿಲ್ಸಿ' ಅಂದರೂ ಆ ಕ್ಷಣ ನಿಲ್ಲಬೇಕು. ಆಗದಿದ್ದರೆ ಗೂಡಿಗೆ ಬೇರೆಯವರು. ಕ್ರೇನಕ್ಕನಿಗೆ ಸ್ಟೋರ್ ರೂಮಿನಲ್ಲಿ ಮೊಳೆ, ಬೋಲ್ಟು ಕೊಡುವ ಕೆಲಸ.

ಸ್ಟೋರ್ ರೂಮಿಗೆ ಕಿಟಕಿಯೂ ಇರಲಿಲ್ಲ.

ಮೊದಲು ಅವಳಿಗೆ ಹೊಳೆದದ್ದು ಸುಲಭದ ದಾರಿ. ಹಾಡುವುದನ್ನೇ ಬಿಟ್ಟರಾಯಿತು, ಮೂಗಿಗಿಂತ ಮೂಗುತಿ ಭಾರವಾಗಬಾರದು. ಬಾಯಿ ಬಿಗಿದುಕೊಂಡು ಚಿಕ್ಕ ಕ್ರೇನಿನಲ್ಲಿ ಕೂತಳು. ಕಾಲೇನೋ ಸುಮ್ಮನಿತ್ತು, ಆದರೆ ಕೈ ಕೆಟ್ಟಿತು. ಇಷ್ಟು ವರ್ಷ ಆ ಕೈಗಳು ಹಾಡಿನ ಮೇಲೆಯೇ ನಡೆದಿದ್ದವು. ಸಾಲು ಶುರುವಾದಾಗ ಹಿಡಿ ಎಳೆಯುವುದು, ಸಾಲು ಮುಗಿಯುವಾಗ ಮೆಲ್ಲಗೆ ಬಿಡುವುದು. ಹಾಡಿಲ್ಲದೆ ಯಾವಾಗ ಎಳೆಯಬೇಕು, ಎಷ್ಟು ಬಿಡಬೇಕು ಎಂಬುದೇ ತಿಳಿಯದೆ ಬಕೀಟು ಉಯ್ಯಾಲೆಯಾಡಿ ಅರ್ಧ ನೀರು ನೆಲಕ್ಕೆ ಸುರಿಯಿತು. ಮರುದಿನ ಪೆಡಲನ್ನು ಎಡಗಾಲಿನ ಕಡೆಗೆ ಸರಿಸಿ ನೋಡಿದಳು. ಎಡಗಾಲೂ ಬಲಗಾಲಿನ ಒಡಹುಟ್ಟಿದ್ದೇ ಅಲ್ಲವೇ? ಮಧ್ಯಾಹ್ನದ ಹೊತ್ತಿಗೆ ಅದೂ ಕುಣಿಯತೊಡಗಿತ್ತು.

ಉಳಿದದ್ದು ಒಂದೇ. ಬಾಯಿ ಹಾಡಬೇಕು, ಕೈ ಕೆಲಸ ಮಾಡಬೇಕು, ಕಾಲು ಮಾತ್ರ ಬಂದ ನೆಂಟರ ಹಾಗೆ ಸುಮ್ಮನೆ ಕೂತಿರಬೇಕು.

ಮನೆಯಲ್ಲಿ ಇದರ ಉಸ್ತುವಾರಿ ಅತ್ತೆ ವಹಿಸಿಕೊಂಡರು. ಸೊಸೆಯ ಹಾಡಿನಲ್ಲಿ ತಪ್ಪು ಹುಡುಕಿ ಹುಡುಕಿ ಪಳಗಿದ್ದ ಅವರಿಗೆ ಈಗ ಅಧಿಕೃತವಾಗಿ ಆ ಕೆಲಸ ಸಿಕ್ಕಂತಾಯಿತು. ಸಂಜೆ ಸೊಸೆ ಅಡುಗೆಮನೆಯ ಸ್ಟೂಲಿನ ಮೇಲೆ ತರಕಾರಿ ಹೆಚ್ಚಲು ಕೂತರೆ, ಅವಳ ಬಲಪಾದದ ಮೇಲೆ ತುಂಬಿದ ಲೋಟ ಇಟ್ಟು, ಎದುರಿಗೆ ತಾವೊಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

"ಹ್ಞಾ, ಹಾಡು."

ಬೋಳು ಗುಡ್ಡ ಎನ್ನುವಷ್ಟರಲ್ಲಿ ಲೋಟ ಠಣ್ಣನೆ ಉರುಳುತ್ತಿತ್ತು.

"ಒರೆಸು. ಮತ್ತೆ ಹಾಡು."

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡ, "ಅಮ್ಮಾ, ನೀರು ಇಲ್ಲೀವರೆಗೂ ಹರಿದು ಬಂತು, ಗಿರಾಕಿ ಬಟ್ಟೆ ನೆಲದ ಮೇಲಿದೆ" ಎಂದು ಕೂಗುತ್ತಿದ್ದ.

"ನೀನು ಕಾಲು ಎತ್ಕೊಂಡು ಹೊಲಿ," ಎನ್ನುತ್ತಿದ್ದರು ತಾಯಿ. ಹೊಲಿಗೆ ಯಂತ್ರವನ್ನು ಕಾಲೆತ್ತಿಕೊಂಡು ಹೊಲಿಯುವುದು ಹೇಗೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಅಡುಗೆಮನೆಯ ನೆಲ ಹಿಂದೆಂದೂ ಅಷ್ಟು ಸ್ವಚ್ಛವಾಗಿರಲಿಲ್ಲ. ದಿನ ಕಳೆದಂತೆ ಲೋಟ ಉರುಳುವುದು ನಿಂತು ತುಳುಕುವುದಕ್ಕೆ ಬಂತು, ತುಳುಕುವುದು ಹೋಗಿ ನೀರಿನ ಮೇಲೆ ಸಣ್ಣ ಅಲೆ ಉಳಿಯಿತು. ಕೊನೆಗೊಂದು ಸಂಜೆ ಹಾಡು ಮೊದಲಿಂದ ಕೊನೆಯವರೆಗೆ ಮುಗಿದರೂ ನೀರು ಕದಲಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಸೊಸೆಯ ಮೈಯನ್ನೆಲ್ಲ ತನಿಖೆ ಮಾಡಿದರು.

"ಕಾಲು ನಿಂತಿದೆ. ಆದ್ರೆ ಹುಬ್ಬು ಕುಣೀತಿದೆ ಕಣೇ."

"ಹುಬ್ಬಿಗೆ ಯಾರೂ ಪೆಡಲ್ ಕಟ್ಟಿಲ್ಲ ಬಿಡಿ ಅತ್ತೆ."

ಅತ್ತೆ ನಕ್ಕರು. ಆಮೇಲೆ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. "ಪದ ಚೆನ್ನಾಗಿ ಕಟ್ಟಿದ್ದೀಯ" ಎಂದುಬಿಟ್ಟರು. ಕ್ರೇನಕ್ಕ ಹಿಗ್ಗಿದ ರಭಸಕ್ಕೆ ಲೋಟ ಉರುಳಿತು.

ಪರೀಕ್ಷೆಯ ದಿನ ಕೆಲಸ ನಿಲ್ಲಿಸಿ ಎಲ್ಲರೂ ಗೋಡೆಗೊರಗಿ ನಿಂತರು. ಬಕೀಟಿನ ಅಂಚಿನವರೆಗೂ ನೀರು ತುಂಬಿಸಿದವರು ಸ್ವತಃ ಮೇಡಂ. ಕ್ರೇನಕ್ಕ ಏಣಿ ಹತ್ತಿ ಗೂಡು ಸೇರಿ, ಹಿಡಿಗಳನ್ನು ಸೀರೆ ಸೆರಗಿನಿಂದೊಮ್ಮೆ ಒರೆಸಿ, ಬಲಗಾಲನ್ನು ಪೆಡಲಿನ ಪಕ್ಕಕ್ಕೆ ಇಟ್ಟಳು. ಹಾಡು ಶುರು ಮಾಡಿದಳು. ಬಕೀಟು ನೆಲ ಬಿಟ್ಟು ಎದ್ದಿತು.

ಕೆಳಗೆ ಆ ಹಾಡಿನ ಚೂರೂ ಕೇಳಲಿಲ್ಲ. ಒದ್ದಾಡಿದವನು ಸರಪಳಿ. ಇಷ್ಟು ವರ್ಷ ಸಂದು ನೋಡಿ ಮಾತಾಡಿದವನಿಗೆ ಈಗ ಎಲ್ಲೆಲ್ಲೂ ಸಂದೇ. ಎಲ್ಲಿ ಬಾಯಿ ಹಾಕಬೇಕೆಂದು ತಿಳಿಯಲಿಲ್ಲ. "ಎಡ... ಅಲ್ಲ, ಹ್ಞಾ, ಎಡಕ್ಕೇ ಅಕ್ಕ, ಸ್ವಲ್ಪ, ಬರ್ಲಿ, ನನ್ನ ಮಾತು ಕೇಳಿಸ್ತಿದ್ಯಾ?" ಎಂದು ಮದುವೆಗೆ ಹೆಣ್ಣು ನೋಡಲು ಬಂದವನಂತೆ ತೊದಲಿದ.

ಕೇಳಿಸುತ್ತಿತ್ತು. ಅದೇ ಅವಳಿಗೆ ಸೋಜಿಗ. ಅವನ ಮಾತಷ್ಟೇ ಅಲ್ಲ, ಮಾತಿನ ಮುಂಚಿನ ಉಸಿರು, ಹಿಂದೆ ಯಾರೋ ಕೆಮ್ಮಿದ್ದು, ಮೇಸ್ತ್ರಿ "ಹುಷಾರಮ್ಮ, ಹುಷಾರು" ಎಂದು ತಮ್ಮಷ್ಟಕ್ಕೆ ಗೊಣಗಿದ್ದು, ಎಲ್ಲವೂ ಸ್ಪೀಕರಿನಲ್ಲಿ ಇಡಿಯಾಗಿ ಬರುತ್ತಿತ್ತು. ಅಯ್ಯೋ, ಕೆಳಗೆ ಇಷ್ಟೆಲ್ಲ ಇತ್ತೇ ಎಂದುಕೊಂಡಳು. ಅವಳಿಗೆ ಅವರೂ ಈವರೆಗೆ ತುಂಡುತುಂಡಾಗಿಯೇ ಕೇಳಿಸಿದ್ದರು.

"ನಿಲ್ಸಿ!" ಎಂದರು ಮೇಡಂ, ಸಾಲಿನ ನಡುಮಧ್ಯದಲ್ಲಿ, ಸರಿಯಾಗಿ ತಾಳ ಬೀಳುವ ಜಾಗದಲ್ಲಿ.

ಬಕೀಟು ನಿಂತಿತು. ನೀರು ಅಂಚಿನವರೆಗೆ ಬಂದು, ಯೋಚಿಸಿ, ವಾಪಸು ಹೋಯಿತು.

ಗೆರೆಯೊಳಗೆ ಬಕೀಟು ಇಳಿದಾಗ ಸುತ್ತಲಿನ ನೆಲ ಒಣಗಿಯೇ ಇತ್ತು. ಮೇಡಂ ಬಗ್ಗಿ, ನೆಲ ಮುಟ್ಟಿ ನೋಡಿ, ತಲೆಯಾಡಿಸಿದರು. ಶೆಡ್ಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಬೆಸುಗೆಯವನು ಹೆಲ್ಮೆಟ್ಟನ್ನು ಕೊಳವೆಗೆ ಬಡಿದ. ಗೂಡಿನಲ್ಲಿ ಕ್ರೇನಕ್ಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, ಖುಷಿಗೆ, ಒಂದು ಗಳಿಗೆ ಚೆನ್ನಾಗಿ ಅತ್ತಳು.

ಊಟದ ಕೋಣೆಗೆ ಬಂದರೆ ಮಾತ್ರ ಸಡಗರ ತಣ್ಣಗಾಗಿತ್ತು. ಗೆದ್ದದ್ದು ಸರಿ, ಆದರೆ ಇನ್ನು ಮೇಲೆ ಶೆಡ್ಡಿನಲ್ಲಿ ಹಾಡಿಲ್ಲ ಎಂಬುದು ಒಬ್ಬೊಬ್ಬರಿಗೇ ಹೊಳೆಯುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆಯದೆ ಕೂತಿದ್ದ ಮೇಸ್ತ್ರಿ ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಇಲ್ಲೇನೂ ಕ್ರೇನ್ ಇಲ್ವಲ್ಲ. ಇಲ್ಲಾದ್ರೂ ಒಂದ್ಸಲ ಹಾಡಮ್ಮ. ಆ ನನ್ನ ಹಾಡು."

"ನನ್ನ ಹಾಡು" ಎಂದು ಅವರೇ ಅಂದ ಮೇಲೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಕಣ್ಣು ಮುಚ್ಚಿ ಇಡೀ ಪದವನ್ನು ಹಾಡಿಬಿಟ್ಟಳು, ಗುಡ್ಡ, ಬಿಸಿಲು, ಕೆಲಸ ತಪ್ಪಿದ ಬಾಚಣಿಗೆ ಸಮೇತ. ಕಣ್ಣು ತೆರೆದಾಗ ಮೇಸ್ತ್ರಿಯ ಕೈ ತಲೆಯ ಮೇಲಿತ್ತು.

"ಇಷ್ಟು ವರ್ಷ ನಾನು... ನನ್ನ ತಲೆನೇ... ಬಚ್ಚಲಲ್ಲೂ ಹಾಡ್ಕೊಂಡಿದ್ದೀನಲ್ಲಮ್ಮ!" ಎಂದವರೇ ಮೊದಲು ನಕ್ಕರು. ಆಮೇಲೆ ಉಳಿದವರಿಗೆ ಧೈರ್ಯ ಬಂತು, ಕೋಣೆಯಿಡೀ ಹೊಟ್ಟೆ ಹಿಡಿದುಕೊಂಡಿತು. ಬಾಗಿಲಲ್ಲಿ ನಿಂತಿದ್ದ ಮೇಡಂ ಹೆಲ್ಮೆಟ್ಟನ್ನು ಮುಖಕ್ಕೆ ಅಡ್ಡ ಹಿಡಿದರು.

ಸರಪಳಿ ಒಬ್ಬ ನಗಲಿಲ್ಲ. ಏನೋ ಕಳೆದುಕೊಂಡವನ ಹಾಗೆ ಕೂತಿದ್ದ.

"ಏನೋ, ಚೆನ್ನಾಗಿಲ್ವಾ?" ಎಂದಳು.

"ಚೆನ್ನಾಗಿದೆ ಅಕ್ಕ. ಇಷ್ಟೊಂದು ಮಾತಿದೆ ಅಂತ ಗೊತ್ತಿರ್ಲಿಲ್ಲ." ಅವನು ಡಬ್ಬಿಯ ಮುಚ್ಚಳ ತಿರುವುತ್ತ ಹೇಳಿದ: "ಆದ್ರೆ ಇದ್ರಲ್ಲಿ ನಮ್ಗೆ ಜಾಗನೇ ಇಲ್ವಲ್ಲ."

ಕ್ರೇನಕ್ಕ ಅವನ ಮುಖ ನೋಡಿದಳು. ಪ್ರತಿದಿನ, ಪ್ರತಿ ಹಾಡಿನಲ್ಲಿ, ಈ ಸ್ವರವಿಲ್ಲದ ಮನುಷ್ಯ ತನ್ನ ಜೊತೆ ಹಾಡಿದ್ದ. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು. ಬಾಯಿ ತೆರೆದು, ಬೋ ಎಂದು ನಿಲ್ಲಿಸಿ, ಕಾದಳು.

"ಎಡಕ್ಕೆ," ಎಂದ ಸರಪಳಿ, ಸರಿಯಾಗಿ ಸಂದಿನಲ್ಲಿ.

ಗುಡ್. "ಇನ್ನೂ ಸ್ವಲ್ಪ." ಮೇ. "ಬರ್ಲಿ ಬರ್ಲಿ." ಈಗ ಬೆಸುಗೆಯವನು ಸೇರಿದ, ಮೇಸ್ತ್ರಿ ಸೇರಿದರು, ಕೋಣೆಯವರೆಲ್ಲ ಡಬ್ಬಿ ಬಡಿಯುತ್ತ ಸೇರಿದರು. ಎಡಕ್ಕೆ, ಬಲಕ್ಕೆ, ಎತ್ತಿ, ಸಾಕು. ಹಾಡು ಸುತ್ತು ಸುತ್ತು ಏರುತ್ತ ಹೋಯಿತು. ಆ ಭರದಲ್ಲಿ ಯಾರೋ ಹಿಂದಿನಿಂದ, ಬರೀ ತಮಾಷೆಗೆ, "ನಿಲ್ಸೀ!" ಎಂದು ಕೂಗಿದರು.

ಅವಳು ನಿಲ್ಲಿಸಿಬಿಟ್ಟಳು. ಅರ್ಧ ಅಕ್ಷರದಲ್ಲಿ ಬಾಯಿ ನಿಂತಿತು, ಎರಡೂ ಕೈಗಳು ಇಲ್ಲದ ಹಿಡಿಗಳನ್ನು ಹಿಡಿದು ನಿಂತವು, ಕಣ್ಣು ಕೆಳಗೆ ಯಾರಿದ್ದಾರೆಂದು ಹುಡುಕಿತು. ಡಬ್ಬಿಗಳ ಸದ್ದು ಅಡಗಿತು. ಅವಳ ಆ ಕೈಗಳನ್ನು ಎಲ್ಲರೂ ನೋಡುತ್ತಿದ್ದರು, ದಿನಾ ಅವುಗಳ ಕೆಳಗೇ ನಿಲ್ಲುವವರು.

"ಏನಿಲ್ಲ ಅಕ್ಕ," ಎಂದ ಸರಪಳಿ ಮೆಲ್ಲಗೆ. "ಎಲ್ರೂ ದೂರ ಇದೀವಿ. ಇಳ್ಸಿ."

ಅವಳು ಉಳಿದ ಸಾಲನ್ನು ಹಾಡಿ, ಹಾಡನ್ನು ನಿಧಾನವಾಗಿ ನೆಲಕ್ಕಿಳಿಸಿದಳು.